ಕಾಫಿ ತೋಟದಿಂದ ಮರಳುಗಾಡಿಗೆ ಗಾಲ್ಫ್ ಸೆಟ್ ಹೊರುವ ಮುನ್ನ

ಪ್ರಶ್ನೆ: ನಾನು ಆಲ್ದೂರು ಕಡೆಯ ಕಾಫಿ ಬೆಳೆಗಾರ, ವಯಸ್ಸು 58. ಹನ್ನೆರಡು ವರ್ಷದಿಂದ ಚಿಕ್ಕಮಗಳೂರಿನಲ್ಲಿ ಗಾಲ್ಫ್ ಆಡುತ್ತಿದ್ದೇನೆ, ಹ್ಯಾಂಡಿಕ್ಯಾಪ್ 19 (ಅಂದರೆ ಕೋರ್ಸ್‌ಗೆ ನಿಗದಿಯಾದ ಹೊಡೆತಗಳಿಗಿಂತ ಸುಮಾರು ಅಷ್ಟು ಹೆಚ್ಚು). ಮಗಳು ಮತ್ತು ಅಳಿಯ ದುಬೈನಲ್ಲಿದ್ದಾರೆ, ಭಾವಮೈದುನ ಅಮೆರಿಕದ ಫೀನಿಕ್ಸ್‌ನಲ್ಲಿದ್ದಾನೆ. ಎರಡೂ ಕಡೆ ಹೋದಾಗ ಮರಳುಗಾಡಿನ ಕೋರ್ಸ್‌ಗಳಲ್ಲಿ ಆಡಬೇಕೆಂಬ ಆಸೆ. ಯಾವ ತಿಂಗಳು ಒಳ್ಳೆಯದು? ಸೆಟ್ ಒಯ್ಯಬೇಕೇ ಅಥವಾ ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳಬೇಕೇ? ಮರಳುಗಾಡಿನಲ್ಲಿ ಚೆಂಡು ಬಹಳ ದೂರ ಹೋಗುತ್ತದೆ ಎನ್ನುತ್ತಾನೆ ನಮ್ಮ ಬ್ಯಾಗ್ ಹೊರುವ ಕ್ಯಾಡಿ, ನಿಜವೇ? ನೀರಿಲ್ಲದ ಊರಿನಲ್ಲಿ ಹುಲ್ಲು ಬೆಳೆಸಿ ಆಡುವುದು ಸರಿಯೇ ಎಂದು ನಮ್ಮ ಮನೆಯವರು ಕೇಳುತ್ತಾರೆ. ಅವರು ಆಡುವುದಿಲ್ಲ, ಆದರೆ ಜೊತೆಗೆ ಬರುತ್ತಾರಂತೆ.

ಉತ್ತರ: ನಿಮ್ಮ ಕ್ಯಾಡಿಯ ಮಾತಿನಿಂದಲೇ ಶುರು ಮಾಡುತ್ತೇನೆ. ಬಿಸಿ ಗಾಳಿ ತೆಳುವಾಗಿರುತ್ತದೆ, ತೆಳು ಗಾಳಿಯಲ್ಲಿ ಚೆಂಡು ಮುಂದೆ ಹೋಗುತ್ತದೆ ಎಂಬುದೇನೋ ಸರಿ. ಆದರೆ ಅವನು ತಾನು ನಿಂತ ನೆಲವನ್ನು ಲೆಕ್ಕಕ್ಕೆ ಹಿಡಿದಿಲ್ಲ. ಚಿಕ್ಕಮಗಳೂರು ಸಮುದ್ರ ಮಟ್ಟದಿಂದ ಸಾವಿರ ಮೀಟರ್‌ಗೂ ಮೇಲಿದೆ, ಹತ್ತಿರಹತ್ತಿರ 3,500 ಅಡಿ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಶೇಕಡಾ ಒಂದಕ್ಕಿಂತ ತುಸು ಹೆಚ್ಚು ದೂರ ಸಿಗುತ್ತದೆ ಎಂಬುದು ಆಟಗಾರರು ಬಳಸುವ ಲೆಕ್ಕ. ಅಂದರೆ ಹನ್ನೆರಡು ವರ್ಷದಿಂದ ನೀವು ಶೇಕಡಾ ನಾಲ್ಕರಷ್ಟು ದೂರವನ್ನು ಬಿಟ್ಟಿಯಾಗಿ ಉಣ್ಣುತ್ತಿದ್ದೀರಿ. ದುಬೈ ಇರುವುದು ಸಮುದ್ರದ ದಡದಲ್ಲಿ. ಇಲ್ಲಿ 140 ಗಜ ಹಾರುವ ನಿಮ್ಮ ಹೊಡೆತ ಅಲ್ಲಿ 134–135 ಗಜಕ್ಕೇ ಇಳಿಯುತ್ತದೆ, ಗ್ರೀನ್ (ಚೆಂಡು ಬೀಳಿಸುವ ಕುಳಿ, ಅಂದರೆ ಹೋಲ್ ಇರುವ ನುಣುಪು ಹುಲ್ಲು) ಮುಂದಿನ ಬಂಕರ್ ಎಂಬ ಮರಳು ಗುಂಡಿ ಸರಿಯಾಗಿ ಅಲ್ಲೇ ಬಾಯಿ ತೆರೆದುಕೊಂಡು ಕುಳಿತಿರುತ್ತದೆ. ಫೀನಿಕ್ಸ್ ನಗರ ಸುಮಾರು 1,100 ಅಡಿ ಎತ್ತರದಲ್ಲಿದೆ. ಅದರ ಪಕ್ಕದ ಸ್ಕಾಟ್ಸ್‌ಡೇಲ್‌ನ ಉತ್ತರ ಭಾಗದ ಕೋರ್ಸ್‌ಗಳು 2,000 ಅಡಿ ದಾಟಿದರೂ ನಿಮ್ಮ ತೋಟಕ್ಕಿಂತ ಕೆಳಗೇ ಇವೆ. ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಯ ಫರ್ನೇಸ್ ಕ್ರೀಕ್ ಕೋರ್ಸ್ ಅಂತೂ ಸಮುದ್ರ ಮಟ್ಟಕ್ಕಿಂತ 214 ಅಡಿ ಕೆಳಗಿದೆ. ಅಲ್ಲಿ ಗಾಳಿ ಇನ್ನೂ ದಪ್ಪ.

ಇನ್ನು ಬಿಸಿಲಿನ ಸಹಾಯ. ಫೆಬ್ರುವರಿಯಲ್ಲಿ ದುಬೈನ ಮಧ್ಯಾಹ್ನ 25 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅದೇ ಹೊತ್ತಿಗೆ ಚಿಕ್ಕಮಗಳೂರಿನಲ್ಲಿ ಅದಕ್ಕಿಂತ ಹೆಚ್ಚು ಬಿಸಿಲು ಇರುವುದುಂಟು. ಆದ್ದರಿಂದ ಕ್ಯಾಡಿಗೆ ಹೇಳಿ: ದುಬೈನಲ್ಲಿ ಒಂದು ನಂಬರ್ ಕಡಿಮೆಯ, ಅಂದರೆ ಹೆಚ್ಚು ದೂರ ಹೊಡೆಯುವ ಐರನ್ ಕ್ಲಬ್ (ಹೊಡೆಯುವ ಕೋಲು) ತೆಗೆದರೆ ತಪ್ಪಿಲ್ಲ.

ಅದಕ್ಕಿಂತ ದೊಡ್ಡ ಮೋಸ ಮಾಡುವುದು ಕಣ್ಣು. ನಾವು ಮಲೆನಾಡಿನ ಅಂಚಿನವರು ಸಿಲ್ವರ್ ಓಕ್ ಸಾಲು, ಅತ್ತಿ ಮರ, ಹಿಂದೊಂದು ಗುಡ್ಡ ಇದ್ದರೆ ದೂರವನ್ನು ಅಳೆಯುತ್ತೇವೆ. ಅಲ್ಲಿ ಅಡ್ಡಲಾಗಿ ಏನೂ ಇಲ್ಲ. ಒಣ ಗಾಳಿಯಲ್ಲಿ ಹೋಲ್‌ನ ಬಾವುಟ ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತದೆ. ನಾನು ಹಾಸನಕ್ಕೆ ಮರಳುವ ಮೊದಲು ಹದಿನಾಲ್ಕು ವರ್ಷ ಕೊಲ್ಲಿ ದೇಶಗಳಲ್ಲಿ ಕೋರ್ಸ್‌ಗಳ ಹುಲ್ಲು ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಬೆಂಗಳೂರು, ಊಟಿ ಕಡೆಯಿಂದ ಬಂದ ಒಳ್ಳೊಳ್ಳೆಯ ಆಟಗಾರರು ಮೊದಲ ದಿನ ಹೋಲ್ ಹೋಲ್‌ಗೂ ಇಪ್ಪತ್ತು ಗಜ ಕಡಿಮೆ ಹೊಡೆಯುವುದನ್ನು ನೋಡಿದ್ದೇನೆ. ಅವರ ತೋಳಿನಲ್ಲಿ ಬಲವಿತ್ತು, ಕಣ್ಣಿಗೆ ಮಾತ್ರ ಮರ ಬೇಕಾಗಿತ್ತು. ದೂರ ಅಳೆಯುವ ಲೇಸರ್ ಉಪಕರಣ ಇದ್ದರೆ ಒಯ್ಯಿರಿ. ಇಲ್ಲದಿದ್ದರೆ ಗಾಲ್ಫ್ ಗಾಡಿಯ ಪರದೆಯಲ್ಲಿ ಬರುವ ಅಂಕಿಯನ್ನು ನಂಬಿ. ನಿಮ್ಮ ಕಣ್ಣು ಒಂದು ಹೇಳಿ ಪರದೆ ಇನ್ನೊಂದು ಹೇಳಿದರೆ ಪರದೆಯ ಮಾತನ್ನೇ ಕೇಳಿ.

ಈಗ ತಿಂಗಳ ಪ್ರಶ್ನೆ. ಇದಕ್ಕೆ ಪ್ರವಾಸಿ ಕೈಪಿಡಿಗಳಲ್ಲಿ ನವೆಂಬರ್‌ನಿಂದ ಮಾರ್ಚ್ ಎಂದು ಒಂದೇ ಸಾಲಿನ ಉತ್ತರ ಇರುತ್ತದೆ. ಬರೆದವರಿಗೆ ಕಾಫಿ ತೋಟವಿಲ್ಲ. ನವೆಂಬರ್ ಎಂದರೆ ನಿಮಗೆ ಅರೇಬಿಕಾ ಹಣ್ಣು ಕೆಂಪಾಗಿ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಓಡುತ್ತಾ, ಕೊಯ್ಲಿನ ಆಳುಗಳಿಗಾಗಿ ತೋಟದ ರೈಟರ್ (ಗುಮಾಸ್ತ) ಊರೂರು ಫೋನ್ ಮಾಡುತ್ತಿರುವ ಕಾಲ. ರೋಬಸ್ಟಾ ಮುಗಿಯುವ ಹೊತ್ತಿಗೆ ಫೆಬ್ರುವರಿ ಬಂದಿರುತ್ತದೆ. ಆಮೇಲೆ ಹೂಮಳೆಗೆ ಕಾಯುವುದೋ, ಸ್ಪ್ರಿಂಕ್ಲರ್ ಹಾಕಿಸುವುದೋ ಎಂಬ ತಳಮಳ. ಅದರ ನಡುವೆ ಫೆಬ್ರುವರಿಯ ಕೊನೆಯಲ್ಲಿ ಹತ್ತು ಹನ್ನೆರಡು ದಿನದ ಒಂದು ಕಿಂಡಿ ಸಿಗುತ್ತದೆ. ದುಬೈಗೆ ಆ ಕಿಂಡಿಯಲ್ಲಿ ನುಸುಳಿಕೊಳ್ಳಿ. ಅಳಿಯನಿಗೆ ಡಿಸೆಂಬರ್‌ನಲ್ಲೇ ತಿಳಿಸಿ, ಆ ಋತುವಿನಲ್ಲಿ ಆಟಕ್ಕೆ ಬೆಳಗಿನ ಹೊತ್ತು ಸಿಗುವುದು ಸುಲಭವಲ್ಲ. ಈಚಿನ ವರ್ಷಗಳಲ್ಲಿ ರಂಜಾನ್ ತಿಂಗಳು ಫೆಬ್ರುವರಿ–ಮಾರ್ಚ್‌ನಲ್ಲೇ ಬರುತ್ತಿದೆ, ವರ್ಷಕ್ಕೆ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತದೆ. ಆಗ ಕೋರ್ಸ್‌ಗಳಲ್ಲಿ ಜಾಗ ಸುಲಭವಾಗಿ ಸಿಗುತ್ತದೆ. ಹಗಲು ಹೊತ್ತು ಎಲ್ಲರೆದುರು ತಿನ್ನುವುದು, ಕುಡಿಯುವುದನ್ನು ಮಾತ್ರ ಗಮನವಿಟ್ಟು ಮಾಡಿ, ಅಳಿಯನನ್ನು ಕೇಳಿದರೆ ಅಲ್ಲಿನ ರೀತಿ ಹೇಳುತ್ತಾನೆ.

ಫೀನಿಕ್ಸ್‌ಗೆ ಅಕ್ಟೋಬರ್‌ನಲ್ಲಿ ಹೋಗೋಣ, ಕೊಯ್ಲಿಗೆ ಮುಂಚೆ ಮುಗಿಸಿಬಿಡೋಣ ಎಂದು ನಿಮಗೆ ಅನ್ನಿಸಬಹುದು. ಆ ತಪ್ಪು ಮಾಡಬೇಡಿ. ಕಾರಣ ಹುಲ್ಲು. ಮರಳುಗಾಡಿನ ಕೋರ್ಸ್‌ಗಳ ಮುಖ್ಯ ಹುಲ್ಲನ್ನು ಅವರು ಬರ್ಮುಡಾ ಎನ್ನುತ್ತಾರೆ. ಸಸ್ಯಶಾಸ್ತ್ರದ ಹೆಸರು ಸೈನೊಡಾನ್ ಡ್ಯಾಕ್ಟಿಲಾನ್. ಅದು ಬೇರೇನೂ ಅಲ್ಲ, ಗಣೇಶನಿಗೆ ಏರಿಸುವ ನಮ್ಮ ಗರಿಕೆ. ಗಾಲ್ಫ್‌ಗೆ ಬಳಸುವುದು ಹೆಚ್ಚಾಗಿ ಅದನ್ನು ಆಫ್ರಿಕಾದ ಅದರ ದಾಯಾದಿಯೊಂದಿಗೆ ಸಂಕರ ಮಾಡಿದ ತಳಿಗಳನ್ನು, ಆದರೆ ಗುಣ ಗರಿಕೆಯದ್ದೇ. ಬಿಸಿಲಿಗೆ ಜಗ್ಗದು, ತುಳಿದಷ್ಟೂ ಹಬ್ಬುತ್ತದೆ, ಚಳಿ ಬಿದ್ದರೆ ಮಾತ್ರ ಒಣಗಿದ ಹುಲ್ಲಿನ ಬಣ್ಣಕ್ಕೆ ತಿರುಗಿ ಮಲಗಿಬಿಡುತ್ತದೆ. ಫೀನಿಕ್ಸ್ ಇರುವ ಅರಿಜೋನಾ ರಾಜ್ಯದ ರಾತ್ರಿ ಚಳಿ ನಮ್ಮ ಡಿಸೆಂಬರ್ ಚಳಿಗಿಂತ ಗಡುಸು. ಹಾಗಾಗಿ ಅಲ್ಲಿ ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ ಗರಿಕೆಯನ್ನು ನುಣ್ಣಗೆ ಬೋಳಿಸಿ, ಅದರ ಮೇಲೆ ಚಳಿಗಾಲದ ರೈ ಹುಲ್ಲಿನ ಬೀಜ ಚೆಲ್ಲಿ, ಎರಡು ಮೂರು ವಾರ ಕೋರ್ಸ್ ಮುಚ್ಚುತ್ತಾರೆ. ತೆರೆದ ಮೇಲೂ ಕೆಲವು ವಾರ ಗಾಡಿ ಹುಲ್ಲಿಗೆ ಇಳಿಯುವಂತಿಲ್ಲ, ಸಿಮೆಂಟು ದಾರಿಯಲ್ಲೇ ನಿಲ್ಲಿಸಿ ಪ್ರತಿ ಹೊಡೆತಕ್ಕೂ ನಡೆದು ಹೋಗಿ ಬರಬೇಕು. ಅಮೆರಿಕದ ತನಕ ಹೋಗಿ ಬಿತ್ತನೆ ನೋಡಿಕೊಂಡು ಬರುವುದು ಬೇಕಿದ್ದರೆ ಅಕ್ಟೋಬರ್ ಒಳ್ಳೆಯದು.

ನಿಮಗೆ ಸರಿಹೋಗುವುದು ಏಪ್ರಿಲ್ ಕೊನೆ ಅಥವಾ ಮೇ ಮೊದಲ ವಾರ. ಹೂವು ಮುಗಿದಿರುತ್ತದೆ, ಹೂವಿನ ನಂತರ ಬೇಕಾದ ಬ್ಯಾಕಿಂಗ್ ಮಳೆಯೂ ಒಂದು ಬಂದಿರುತ್ತದೆ ಎಂದು ಆಶಿಸೋಣ, ಮುಂಗಾರಿಗೆ ಇನ್ನೂ ತಿಂಗಳಿದೆ. ಅಲ್ಲಿ ಚಳಿಗಾಲದ ಪ್ರವಾಸಿಗರು ಖಾಲಿಯಾಗಿ ದರ ಇಳಿಯತೊಡಗಿರುತ್ತದೆ. ಬಿಸಿಲು ಇರುತ್ತದೆ, ಆದರೆ ಅದು ರಾಯಚೂರಿನ ಬಿಸಿಲು, ಮಂಗಳೂರಿನದ್ದಲ್ಲ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ದುಬೈನ ಬೇಸಿಗೆ ಮಂಗಳೂರಿನ ಮೇ ತಿಂಗಳಿಗೆ ಹತ್ತು ಡಿಗ್ರಿ ಕೂಡಿಸಿದ ಹಾಗೆ, ಅಂಗಿ ಒದ್ದೆಯಾಗಿ ಬೆನ್ನಿಗೆ ಅಂಟುತ್ತದೆ. ಅರಿಜೋನಾದಲ್ಲಿ ಬೆವರು ಹೊರಬಂದ ಕ್ಷಣವೇ ಆರಿಹೋಗುತ್ತದೆ, ಅಂಗಿ ಒಣಗಿಯೇ ಇರುತ್ತದೆ, ಮೈ ನೀರು ಕಳೆದುಕೊಂಡದ್ದು ತಿಳಿಯುವುದೇ ಇಲ್ಲ. ಹದಿನಾಲ್ಕನೇ ಹೋಲ್‌ನಲ್ಲಿ ಇದ್ದಕ್ಕಿದ್ದಂತೆ ತಲೆ ಹಿಡಿದು ಕುಳಿತುಕೊಳ್ಳುವವರು ಇಂಥವರೇ. ಬಾಯಾರಿಕೆಗೆ ಕಾಯದೆ ಎರಡು ಹೋಲ್‌ಗೊಮ್ಮೆ ನೀರು ಕುಡಿಯಿರಿ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೊರಡುವ ಮುನ್ನ ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿಗೂ ಒಂದು ಮಾನ್ಸೂನ್ ಬರುತ್ತದೆ, ಅವರೂ ಅದನ್ನು ಮಾನ್ಸೂನ್ ಎಂದೇ ಕರೆಯುತ್ತಾರೆ. ಆದರೆ ಫೀನಿಕ್ಸ್‌ನ ಇಡೀ ವರ್ಷದ ಮಳೆ ಸುಮಾರು ಏಳು ಇಂಚು. ಇಂಚು-ಸೆಂಟುಗಳಲ್ಲಿ (ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ) ಮಳೆ ಲೆಕ್ಕ ಬರೆದಿಡುವ ನಿಮಗೆ ಅದು ಜುಲೈನ ಒಂದು ಜೋರು ವಾರ.

ಇಷ್ಟು ಕಡಿಮೆ ಮಳೆಯ ಊರಿನಲ್ಲಿ ಹುಲ್ಲು ಯಾಕೆ ಎಂಬ ನಿಮ್ಮ ಮನೆಯವರ ಪ್ರಶ್ನೆ ನ್ಯಾಯವಾದದ್ದು. ನನ್ನ ಕೆಲಸವೇ ಅದಾಗಿದ್ದರಿಂದ ನಾನು ಪೂರ್ತಿ ನಿಷ್ಪಕ್ಷಪಾತಿ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೊಲ್ಲಿಯ ಕೋರ್ಸ್‌ಗಳಲ್ಲಿ ಹೆಚ್ಚಿನವು ಶುದ್ಧೀಕರಿಸಿದ ಒಳಚರಂಡಿ ನೀರನ್ನು ಬಳಸುತ್ತವೆ. ಕೆಲವು ಕಡೆ ಪಾಸ್ಪಾಲಮ್ ಎಂಬ ಕಡಲತೀರದ ಹುಲ್ಲು ಹಾಕಿರುತ್ತಾರೆ, ಅದು ಉಪ್ಪು ನೀರನ್ನೂ ಸಹಿಸುತ್ತದೆ. ಕುಡಿಯಲು ಯೋಗ್ಯವಲ್ಲ ಎಂಬ ಫಲಕಗಳು ಕಾಣುತ್ತವೆ, ಅವು ಅಲಂಕಾರಕ್ಕಲ್ಲ. ಚೆಂಡು ಕೂರಿಸುವ ಟೀ ಕಡ್ಡಿಯನ್ನು ಬಾಯಲ್ಲಿ ಕಚ್ಚಿಕೊಳ್ಳುವುದು, ಚೆಂಡನ್ನು ಎಂಜಲಿನಿಂದ ಒರೆಸುವುದು, ಈ ಅಭ್ಯಾಸಗಳು ನಿಮಗಿದ್ದರೆ ವಿಮಾನ ಹತ್ತುವ ಮುನ್ನವೇ ಬಿಡಿ. ಅರಿಜೋನಾದಲ್ಲಿ 1980ರಲ್ಲಿ ಅಂತರ್ಜಲ ನಿರ್ವಹಣಾ ಕಾಯ್ದೆ ಬಂತು. ಅದರ ಫಲವಾಗಿ ಬಂದ ನಿಯಮಗಳಲ್ಲಿ ಹೊಸ 18 ಹೋಲ್‌ಗಳ ಕೋರ್ಸ್‌ಗೆ 90 ಎಕರೆಯಷ್ಟು ಹುಲ್ಲು ಎಂಬ ಮಿತಿ ಬಿತ್ತು. ವಿನ್ಯಾಸಕರು ಇದ್ದ ಹುಲ್ಲನ್ನು ಮೊದಲ ಹೊಡೆತದ ಜಾಗವಾದ ಟೀ ಹತ್ತಿರ ಒಂದಿಷ್ಟು, ಚೆಂಡು ಬೀಳುವ ಕಡೆ ಒಂದಿಷ್ಟು, ಗ್ರೀನ್ ಸುತ್ತ ಒಂದಿಷ್ಟು ಹರಡಿ, ನಡುವೆ ಮರಳುಗಾಡನ್ನು ಇದ್ದ ಹಾಗೆಯೇ ಬಿಟ್ಟರು. ನೀವು ಚಿತ್ರಗಳಲ್ಲಿ ಕಂಡು ಮೋಹಗೊಂಡಿರುವ, ಕಂದು ನೆಲದ ನಡುವೆ ಹಸಿರು ದ್ವೀಪಗಳಂತೆ ಕಾಣುವ ಆ ಚೆಲುವು ಬಹುಮಟ್ಟಿಗೆ ನೀರಿನ ಲೆಕ್ಕದಿಂದ ಬಂದದ್ದು. ಹಾಗೆಂದು ತಪ್ಪೇ ಇಲ್ಲ ಎಂದು ನಾನು ಹೇಳುವುದಿಲ್ಲ. ಆ ನೀರಿಗೆ ಬೇರೆ ಉಪಯೋಗಗಳೂ ಇವೆ. ಆಡಬೇಕೋ ಬೇಡವೋ ಎಂಬುದನ್ನು ನೀವಿಬ್ಬರೂ ಕುಳಿತು ತೀರ್ಮಾನಿಸಿ.

ಆ ಹಸಿರು ದ್ವೀಪಗಳೇ ನಿಮ್ಮ ಆಟವನ್ನೂ ನಿರ್ಧರಿಸುತ್ತವೆ. ಇಲ್ಲಿ ನಿಮ್ಮ ಡ್ರೈವರ್ ಎಂಬ ಉದ್ದನೆಯ ಕ್ಲಬ್ಬಿನ ಹೊಡೆತ ಬಲಕ್ಕೆ ಹೋಗಿ ಮರದ ಬುಡ ಸೇರಿದರೆ ಕ್ಯಾಡಿ ಮುಂದೆ ಓಡಿ, ಎಲೆ ಸರಿಸಿ, ಚೆಂಡು ಹುಡುಕಿ, ಹೊಡೆಯಲು ಜಾಗವಿದೆ ಎಂದು ಕೈಯೆತ್ತುತ್ತಾನೆ. ಅಲ್ಲಿ ಕ್ಯಾಡಿ ಸಾಮಾನ್ಯವಾಗಿ ಇರುವುದಿಲ್ಲ. ಗಾಡಿ, ನೀವು, ಜೊತೆಗಾರ, ಅಷ್ಟೇ. ಚೆಂಡು ಫೇರ್‌ವೇ ಎಂಬ ಕತ್ತರಿಸಿದ ಹುಲ್ಲಿನ ಹಾದಿ ಬಿಟ್ಟು ಗಟ್ಟಿ ನೆಲಕ್ಕೆ ಬಿದ್ದರೆ ಸಿಮೆಂಟಿನ ಮೇಲೆ ಬಿದ್ದಂತೆ ಪುಟಿದು ಪೊದೆ ಸೇರುತ್ತದೆ. ಹುಡುಕಲು ನಿಯಮ ಕೊಡುವುದು ಮೂರೇ ನಿಮಿಷ, 2019ಕ್ಕೆ ಮೊದಲು ಐದಿತ್ತು. ನಿಮ್ಮ ಹ್ಯಾಂಡಿಕ್ಯಾಪ್‌ನವರು ಮರಳುಗಾಡಿನಲ್ಲಿ ಒಂದು ಸುತ್ತಿಗೆ ಹತ್ತು ಚೆಂಡು ಕಳೆದುಕೊಂಡು ಬರುವುದು ಹೀಗೆಯೇ. ಕೋರ್ಸ್ ಕಷ್ಟದ್ದಾಗಿರಬೇಕೆಂದೇನಿಲ್ಲ. ಇಲ್ಲಿ ಚೆಂಡು ಎಲ್ಲಿ ಬಿದ್ದರೂ ಯಾರೋ ಹುಡುಕಿ ಕೊಡುತ್ತಾರೆ ಎಂಬ ಧೈರ್ಯದಲ್ಲಿ ಬೀಸಿದ ಕೈ ಅಲ್ಲಿಯೂ ಹಾಗೆಯೇ ಬೀಸುತ್ತದೆ.

ನನ್ನ ಸಲಹೆ ಸರಳ, ಕೇಳಲು ರುಚಿಸದು. ಮೊದಲ ಎರಡು ಸುತ್ತು ಡ್ರೈವರ್ ಬ್ಯಾಗಿನಿಂದ ತೆಗೆಯಬೇಡಿ. ಟೀಯಲ್ಲಿ ನಿಂತಾಗ ಎಷ್ಟು ದೂರ ಹೊಡೆಯಲಿ ಎಂದು ಕೇಳಿಕೊಳ್ಳುವ ಬದಲು ಆ ಹಸಿರಿನ ಅತಿ ಅಗಲವಾದ ಭಾಗ ಎಷ್ಟು ಗಜದಲ್ಲಿದೆ ಎಂದು ನೋಡಿ, ಅಲ್ಲಿಗೆ ತಲುಪುವ ಕ್ಲಬ್ ಎತ್ತಿಕೊಳ್ಳಿ. ಹಿಂದಿನ ಟೀಯಿಂದ ಆಡುವ ಗಂಡಸುತನವನ್ನೂ ಪಕ್ಕಕ್ಕಿಡಿ. ಮುಂದಿನ ಟೀಯಿಂದ ಆಡಿದರೆ ದಾಟಬೇಕಾದ ಮರಳು ಕಡಿಮೆ. ಉದ್ದ ಹೊಡೆದು ಕಳೆದುಕೊಂಡದ್ದಕ್ಕಿಂತ ಗಿಡ್ಡ ಹೊಡೆದು ಉಳಿಸಿಕೊಂಡದ್ದೇ ಅಂಕಪಟ್ಟಿಯಲ್ಲಿ ಕಾಣುವುದು. ಚೆಂಡು ಮರಳಿಗೆ ಹೋಯಿತೆಂದು ಅನುಮಾನ ಬಂದರೆ ಮುಂದಕ್ಕೆ ಹೋಗುವ ಮುನ್ನವೇ ಇನ್ನೊಂದು ಚೆಂಡನ್ನು ತಾತ್ಕಾಲಿಕ ಚೆಂಡು ಎಂದು ಹೇಳಿ ಹೊಡೆಯಿರಿ.

ನಿಯಮದ ವಿಷಯ ಬಂದಿದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಬಹಳ ಮಂದಿ ಮರಳುಗಾಡೆಂದರೆ ಎಲ್ಲವೂ ಬಂಕರ್ ಎಂದುಕೊಂಡಿರುತ್ತಾರೆ. ಅಲ್ಲ. ಕೋರ್ಸ್‌ನವರು ಕೊರೆದು, ಮರಳು ತುಂಬಿ, ಕುಂಟೆ ಎಳೆದು ಸಿದ್ಧಪಡಿಸಿದ್ದು ಮಾತ್ರ ಬಂಕರ್. ಸುತ್ತಲಿನ ಸಹಜ ಮರಳು ಸಾಮಾನ್ಯ ಪ್ರದೇಶ, ಅಲ್ಲಿ ಕ್ಲಬ್ ನೆಲಕ್ಕೆ ತಾಗಿಸಬಹುದು. ಅಂಕಪಟ್ಟಿಯ ಹಿಂಬದಿಯನ್ನು ಓದಿ. ಕೆಲವು ಕೋರ್ಸ್‌ಗಳು ಮರಳುಗಾಡನ್ನು ಕೆಂಪು ಗೂಟದ ದಂಡ ಪ್ರದೇಶದ ಹಾಗೆ ನೋಡಲು ಸ್ಥಳೀಯವಾಗಿ ಅವಕಾಶ ಕೊಡುತ್ತವೆ. ಆಗ ಒಂದು ಹೊಡೆತ ದಂಡ ತೆತ್ತು, ಚೆಂಡು ದಾಟಿದ ಜಾಗದ ಪಕ್ಕದಲ್ಲೇ ಹಾಕಿಕೊಂಡು ಆಡಬಹುದು, ಹಿಂದಕ್ಕೆ ಹೋಗಬೇಕಿಲ್ಲ. ಪ್ರವಾಸಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಪೊದೆಯಲ್ಲಿ ಬುಸುಗುಡುವ ಹಾವಿದ್ದರೆ, ಜೇನುಗೂಡಿದ್ದರೆ ದಂಡವಿಲ್ಲದೆ ಚೆಂಡನ್ನು ಬೇರೆಡೆ ಹಾಕಿಕೊಳ್ಳಬಹುದು, ಅಪಾಯಕಾರಿ ಪ್ರಾಣಿಗಳ ನಿಯಮ ಅದು. ನಮ್ಮ ಆಲೂರು, ಸಕಲೇಶಪುರದ ಕಡೆ ಕೋರ್ಸ್ ಇದ್ದಿದ್ದರೆ ಕಾಡಾನೆಗೂ ಅನ್ವಯಿಸುತ್ತಿತ್ತು. ಆದರೆ ಕಳ್ಳಿ ಗಿಡಕ್ಕೆ ಈ ರಿಯಾಯಿತಿ ಇಲ್ಲ. ಮುಳ್ಳು ಎಷ್ಟೇ ಇರಲಿ, ಒಂದೋ ಅಲ್ಲಿಂದಲೇ ಆಡಬೇಕು, ಇಲ್ಲವೇ ಆಡಲಾಗದ ಚೆಂಡೆಂದು ಘೋಷಿಸಿ ಒಂದು ಹೊಡೆತ ದಂಡ ತೆರಬೇಕು. ಆಡುವುದೇ ಆದರೆ ತೋಳಿಗೆ ಟವೆಲ್ ಸುತ್ತಿಕೊಳ್ಳಬಹುದು, ಕಳ್ಳಿಯ ಮೇಲೆ ಟವೆಲ್ ಹಾಸುವಂತಿಲ್ಲ. ತಮಾಷೆಯ ವ್ಯತ್ಯಾಸ ಎನ್ನಿಸಿದರೂ ಟವೆಲ್ ಒಬ್ಬರಿಗೆ ದುಬಾರಿಯಾದದ್ದುಂಟು. 1987ರಲ್ಲಿ ಅಮೆರಿಕದ ವೃತ್ತಿಪರ ಆಟಗಾರ ಕ್ರೇಗ್ ಸ್ಟ್ಯಾಡ್ಲರ್ ಕೆಸರಿನಲ್ಲಿ ಪ್ಯಾಂಟು ಕೊಳೆಯಾಗದಿರಲೆಂದು ಮರದಡಿ ಟವೆಲ್ ಹಾಸಿ ಮಂಡಿಯೂರಿ ಹೊಡೆದರು. ಹಾಗೆ ಟವೆಲ್ ಹಾಸಿದ್ದಕ್ಕೆ ಬೀಳುವ ದಂಡವನ್ನು ಸೇರಿಸದೆ ಅಂಕಪಟ್ಟಿಗೆ ಸಹಿ ಹಾಕಿದ್ದಕ್ಕೆ ಟೂರ್ನಿಯಿಂದಲೇ ಹೊರಬಿದ್ದರು. ಇನ್ನೊಂದು ಕಥೆ ಸ್ಕಾಟ್ಸ್‌ಡೇಲ್‌ನದ್ದೇ. 1999ರ ಫೀನಿಕ್ಸ್ ಓಪನ್ ಟೂರ್ನಿಯ ಕೊನೆಯ ದಿನ, 13ನೇ ಹೋಲ್‌ನಲ್ಲಿ ಟೈಗರ್ ವುಡ್ಸ್ ಅವರ ಚೆಂಡು ಆಳೆತ್ತರವಲ್ಲದಿದ್ದರೂ ಆಳುಗಟ್ಟಲೆ ಭಾರದ ಬಂಡೆಯೊಂದರ ಹಿಂದೆ ನಿಂತಿತು. ಬಂಡೆ ನೆಲದಲ್ಲಿ ಹೂತಿರಲಿಲ್ಲ, ಆದ್ದರಿಂದ ನಿಯಮದ ಕಣ್ಣಿಗೆ ಅದು ಒಣ ಎಲೆಯಂತೆಯೇ ಸಡಿಲ ವಸ್ತು. ಪ್ರೇಕ್ಷಕರು ಹತ್ತಾರು ಮಂದಿ ಸೇರಿ ಅದನ್ನು ಉರುಳಿಸಿದರು. ನಿಮಗೆ ಅಷ್ಟು ಜನ ಸಿಗುವುದಿಲ್ಲ, ಆದರೆ ಚೆಂಡಿನ ಹಿಂದಿನ ಕಲ್ಲನ್ನು ಎತ್ತಿ ಆಚೆ ಇಡಬಹುದು ಎಂಬುದು ನೆನಪಿರಲಿ. ಎತ್ತುವಾಗ ಚೆಂಡು ಅಲುಗಬಾರದು.

ಅರಿಜೋನಾದ ಕಳ್ಳಿಗಳ ಬಗ್ಗೆ ಒಂದು ಸ್ವಂತ ಅನುಭವ. ಚೋಯಾ ಎಂಬ ಜಾತಿಯೊಂದಿದೆ. ದೂರದಿಂದ ಕರಡಿಮರಿಯ ಮೈಯಂತೆ ಮೃದುವಾಗಿ, ಬೆಳಗಿನ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತದೆ. ಅದರ ತುಂಡುಗಳು ಉದುರಿ ನೆಲದ ಮೇಲೆ ಉಂಡೆಗಳಂತೆ ಬಿದ್ದಿರುತ್ತವೆ. ತುಸು ತಾಗಿದರೂ ಹಾರಿ ಬಂದಂತೆ ಅಂಟಿಕೊಳ್ಳುವುದರಿಂದ ಹಾರುವ ಚೋಯಾ ಎಂದೇ ಹೆಸರು. ನಾನು ಅಲ್ಲಿ ಆಡಿದ ಮೊದಲ ದಿನ ಚೆಂಡಿನ ಪಕ್ಕದಲ್ಲಿದ್ದ ಒಂದು ಉಂಡೆಯನ್ನು ಷೂನಿಂದ ಸರಿಸಿದೆ, ಅದು ಷೂಗೆ ಅಂಟಿತು. ಕೈಯಿಂದ ಕೀಳಲು ಹೋದೆ, ಅಂಗೈಗೆ ಹತ್ತಿಕೊಂಡಿತು. ಇನ್ನೊಂದು ಕೈ ತರುವಷ್ಟರಲ್ಲಿ ಜೊತೆಯಲ್ಲಿದ್ದ ಮುದುಕರೊಬ್ಬರು ಅಲ್ಲಾಡಬೇಡ ಎಂದು ಕೂಗಿ, ಬ್ಯಾಗಿನಿಂದ ತಲೆ ಬಾಚುವ ಅಗಲ ಹಲ್ಲಿನ ಬಾಚಣಿಗೆ ತೆಗೆದರು. ಉಂಡೆಗೂ ಅಂಗೈಗೂ ನಡುವೆ ಬಾಚಣಿಗೆ ತೂರಿಸಿ ಒಂದೇ ಏಟಿಗೆ ಆಚೆ ಚಿಮ್ಮಿಸಿದರು. ಮುಳ್ಳಿನ ತುದಿಗೆ ಕಣ್ಣಿಗೆ ಕಾಣದ ಕೊಕ್ಕೆಗಳಿವೆ, ಒಳಹೋಗುವುದು ಸುಲಭ, ಹೊರಬರುವುದು ಕಷ್ಟ. ಅವರ ತಲೆ ಪೂರ್ತಿ ಬೋಳಾಗಿತ್ತು, ಬಾಚಣಿಗೆ ಇಟ್ಟುಕೊಂಡದ್ದು ಇದಕ್ಕೇ. ನೀವೂ ಒಂದು ಇಟ್ಟುಕೊಳ್ಳಿ.

ಸಗ್ವಾರೊ ಎಂಬ ಕಂಬದಂಥ ದೊಡ್ಡ ಕಳ್ಳಿಯನ್ನಂತೂ ಮುಟ್ಟಬೇಡಿ, ಅದಕ್ಕೆ ಅಲ್ಲಿನ ಕಾನೂನಿನ ರಕ್ಷಣೆಯಿದೆ. ಮೊದಲ ಕೈ ಚಾಚಲು ಅದಕ್ಕೆ ಐವತ್ತು ವರ್ಷಕ್ಕೂ ಮಿಕ್ಕಿ ಬೇಕು, ಅಂದರೆ ನೀವು ನೋಡುವ ಕೈಯುಳ್ಳ ಸಗ್ವಾರೊ ನಿಮ್ಮ ತೋಟದ ಹಳೆಯ ಸಿಲ್ವರ್ ಓಕ್‌ಗಿಂತ ಹಿರಿಯದಿರಬಹುದು. ಅದರ ಮೈಯಲ್ಲಿ ಯಾರೋ ಹೊಡೆದ ಚೆಂಡು ನಾಟಿಕೊಂಡಿರುವುದೂ ಕಾಣಸಿಗುತ್ತದೆ.

ಮರಳಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಗಾಳಿಗೆ ಉರುಳಿ ಉರುಳಿ ಮರಳುಗಾಡಿನ ಕಣ ದುಂಡಾಗಿರುತ್ತದೆ, ಒಂದಕ್ಕೊಂದು ಕಚ್ಚಿ ನಿಲ್ಲುವುದಿಲ್ಲ. ಚೆಂಡು ಅದರಲ್ಲಿ ಬಿದ್ದರೆ ನಮ್ಮ ಹೋಟೆಲಿನ ಬುಲ್ಸ್ ಐನ ಹಳದಿಯಂತೆ ಅರ್ಧ ಹೂತು ಕೂರುತ್ತದೆ. ಅದಕ್ಕೇ ಒಳ್ಳೆಯ ಕೋರ್ಸ್‌ಗಳು ಬಂಕರ್‌ಗೆ ಕೋನಗಳುಳ್ಳ ಬೇರೆ ಮರಳನ್ನು ಹೊರಗಿನಿಂದ ತರಿಸುತ್ತವೆ. ಬಂಕರ್‌ನಲ್ಲಿ ನಿಮ್ಮ ಎಂದಿನ ವೆಜ್ ಎಂಬ ಗಿಡ್ಡ ಕ್ಲಬ್ಬೇ ಸಾಕು. ಅಭ್ಯಾಸ ಬೇಕಾದದ್ದು ಗಟ್ಟಿ ಬರಿ ನೆಲದ ಹೊಡೆತಕ್ಕೆ. ಅದನ್ನು ನೀವು ಮನೆಯಲ್ಲೇ ಮಾಡಬಹುದು. ಕೊಯ್ಲು ಮುಗಿದು ಕಾಫಿ ಕಣ ಖಾಲಿಯಾದ ಮೇಲೆ ಅದರ ಅಂಚಿನ ಮಣ್ಣಿನ ನೆಲದಲ್ಲಿ ಇಪ್ಪತ್ತು ಚೆಂಡು ಹಾಕಿಕೊಳ್ಳಿ. ಸಿಮೆಂಟು ಕಣ ಬೇಡ, ಕ್ಲಬ್ ಹಾಳಾಗುತ್ತದೆ. ಚೆಂಡನ್ನು ಬಲಗಾಲಿನ ಕಡೆಗೆ ತುಸು ಸರಿಸಿ, ಮೈಭಾರ ಎಡಗಾಲಿಗೆ ಹಾಕಿ, ಮೊದಲು ಚೆಂಡಿಗೆ ತಾಗುವಂತೆ ಹೊಡೆಯಿರಿ. ಮೊದಲು ಮಣ್ಣಿಗೆ ತಾಗಿದರೆ ಮುಂಗೈಯೇ ಹೇಳುತ್ತದೆ. ಹತ್ತು ದಿನ 8 ಐರನ್‌ನಿಂದ ಹೀಗೆ ಹೊಡೆದರೆ ಸಾಕು.

ಗ್ರೀನ್ ಮೇಲೆ ಗರಿಕೆಯ ವಾಲು ನೋಡಿ. ಹೋಲ್ ಕಡೆಗೆ ನೋಡಿದಾಗ ಹುಲ್ಲು ಹೊಳೆದರೆ ಅದು ನಿಮ್ಮಿಂದ ಆಚೆಗೆ ವಾಲಿದೆ, ಪಟ್ (ಗ್ರೀನ್ ಮೇಲಿನ ಉರುಳು ಹೊಡೆತ) ಓಡುತ್ತದೆ. ಮಸುಕಾಗಿ ಕಂಡರೆ ಎದುರು ವಾಲಿದೆ, ಜೋರಾಗಿ ತಳ್ಳಬೇಕು.

ಸೆಟ್ ಒಯ್ಯುವ ಪ್ರಶ್ನೆಗೆ ನನ್ನ ಲೆಕ್ಕ ಇದು: ಮೂರು ಸುತ್ತಿನವರೆಗೆ ಬಾಡಿಗೆ, ಅದಕ್ಕೂ ಹೆಚ್ಚಾದರೆ ಸ್ವಂತದ್ದು. ದುಬೈನ ದೊಡ್ಡ ಕ್ಲಬ್‌ಗಳಲ್ಲಿ ಬಾಡಿಗೆ ಸೆಟ್ ಒಳ್ಳೆಯದೇ ಇರುತ್ತದೆ. ಅಲ್ಲಿಗೆ ನೀವು ಬೆಂಗಳೂರಿಗೆ ಹೋಗುವ ಬದಲು ಚಾರ್ಮಾಡಿ ಇಳಿದು ಮಂಗಳೂರಿನಿಂದ ಹಾರಬಹುದು, ದುಬೈಗೆ ನೇರ ವಿಮಾನವಿದೆ, ಫೆಬ್ರುವರಿಯಲ್ಲಿ ಘಾಟಿಯ ಚಿಂತೆಯೂ ಇಲ್ಲ. ಮಗಳಿಗೆ ಕಾಫಿಪುಡಿ, ಮಿಡಿ ಉಪ್ಪಿನಕಾಯಿ, ಹಪ್ಪಳ ಎಂದು ನಿಮ್ಮ ಮನೆಯವರು ತುಂಬಿಸಿದ ಮೇಲೆ ಗಾಲ್ಫ್ ಬ್ಯಾಗಿಗೆ ತೂಕ ಉಳಿಯುತ್ತದೆಂಬ ಭರವಸೆ ನನಗಂತೂ ಇಲ್ಲ. ಆ ಡಬ್ಬಗಳ ವಿಷಯ ಬಂದಿದ್ದರಿಂದ ಆಟಕ್ಕೆ ಸಂಬಂಧವಿಲ್ಲದ ಒಂದು ಮಾತು: ಗಸಗಸೆ ಒಯ್ಯಬೇಡಿ. ಪಾಯಸಕ್ಕಾಗಲಿ, ಸಾರಿನ ಪುಡಿಯಲ್ಲಿ ಬೆರೆತದ್ದಾಗಲಿ ಬೇಡ. ಅರಬ್ ಸಂಯುಕ್ತ ಸಂಸ್ಥಾನದಲ್ಲಿ ಅದು ಮಾದಕ ವಸ್ತುವಿನ ಕಾನೂನಿನಡಿ ನಿಷಿದ್ಧ, ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ.

ಷೂ, ಮೂರು ಕೈಗವಸು, ಟೋಪಿ, ಕಾಲರ್ ಇರುವ ಅಂಗಿ, ಇವು ನಿಮ್ಮವೇ ಇರಲಿ. ಕ್ಲಬ್ಬಿನಿಂದ ಹ್ಯಾಂಡಿಕ್ಯಾಪ್ ಪ್ರಮಾಣಪತ್ರ ಪಡೆದು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ, ಕೆಲವು ಕೋರ್ಸ್‌ಗಳು ಕೇಳುತ್ತವೆ. 2020ರಿಂದ ಜಾಗತಿಕವಾಗಿ ಒಂದೇ ಹ್ಯಾಂಡಿಕ್ಯಾಪ್ ಪದ್ಧತಿ ಬಂದಿರುವುದರಿಂದ ಅರ್ಥ ಮಾಡಿಸುವ ಕಷ್ಟವಿಲ್ಲ. ಫೀನಿಕ್ಸ್‌ಗೆ ಹೋಗುವಾಗ ಭಾವಮೈದುನನ ಮನೆಯಲ್ಲಿ ಹಳೆಯ 7 ಐರನ್ ಒಂದಿದ್ದರೆ ಕೇಳಿ ಪಡೆಯಿರಿ. ಕಲ್ಲು ನೆಲದಿಂದ ಹೊಡೆಯಲು ಅಲ್ಲಿನವರು ಇಂಥದ್ದೊಂದು ಮುದಿ ಕ್ಲಬ್ಬನ್ನು ಬ್ಯಾಗಿನಲ್ಲಿ ಇಟ್ಟಿರುತ್ತಾರೆ. ಬ್ಯಾಗಿನ ಕ್ಲಬ್‌ಗಳು ಒಟ್ಟು ಹದಿನಾಲ್ಕು ಮೀರದಂತೆ ನೋಡಿಕೊಳ್ಳಿ.

ಎಲ್ಲಿ ಆಡಬೇಕು? ದುಬೈನಲ್ಲಿ ಒಂದೇ ಸುತ್ತಿಗೆ ದೊಡ್ಡ ಹಣ ಸುರಿಯುವುದಾದರೆ ಎಮಿರೇಟ್ಸ್ ಗಾಲ್ಫ್ ಕ್ಲಬ್ಬಿನ ಮಜ್ಲಿಸ್ ಕೋರ್ಸ್‌ಗೆ ಸುರಿಯಿರಿ. ಕಾರ್ಲ್ ಲಿಟನ್ ವಿನ್ಯಾಸದ ಅದು 1988ರಲ್ಲಿ ತೆರೆಯಿತು. ಮಧ್ಯಪ್ರಾಚ್ಯದಲ್ಲಿ ಪೂರ್ತಿ ಹುಲ್ಲು ಹಾಸಿದ ಮೊದಲ ಕೋರ್ಸ್ ಅದೇ. ಮರುವರ್ಷ ಅಲ್ಲೇ ದುಬೈ ಡೆಸರ್ಟ್ ಕ್ಲಾಸಿಕ್ ಟೂರ್ನಿ ಶುರುವಾಯಿತು. ಕ್ಲಬ್ ಕಟ್ಟಡ ಮರುಭೂಮಿಯ ಬೆದೂಯಿನ್ನರ ಗುಡಾರಗಳ ಆಕಾರದಲ್ಲಿದೆ. ಇಡೀ ಕೋರ್ಸ್‌ಗೆ ಹೆಸರು ಬಂದದ್ದು ಅದರೊಳಗೇ ಇರುವ ಮಜ್ಲಿಸ್‌ನಿಂದ, ಅಂದರೆ ನಮ್ಮ ಊರುಗಳ ಚಾವಡಿಯಂತೆ ಹಿರಿಯರು ಕುಳಿತು ಮಾತಾಡುವ ಕಟ್ಟಡದಿಂದ. ಹಣ ಉಳಿಸಬೇಕೆಂದರೆ ಅದೇ ಕ್ಲಬ್ಬಿನ ಫಾಲ್ಡೊ ಕೋರ್ಸ್‌ನಲ್ಲಿ ದೀಪದ ಬೆಳಕಿನಲ್ಲಿ ರಾತ್ರಿ ಆಡಬಹುದು, ಮಧ್ಯಾಹ್ನದ ಸಮುದ್ರಗಾಳಿಯ ಕಾಟವೂ ಅಷ್ಟರಲ್ಲಿ ಇಳಿದಿರುತ್ತದೆ. ಸ್ಕಾಟ್ಸ್‌ಡೇಲ್‌ನಲ್ಲಿ ನನ್ನ ಆಯ್ಕೆ ಟ್ರೂನ್ ನಾರ್ತ್‌ನ ಮಾನ್ಯುಮೆಂಟ್ ಕೋರ್ಸ್. ಬಂಡೆ, ಕಳ್ಳಿ, ಹಸಿರು ದ್ವೀಪ, ಮೇಲೆ ಹೇಳಿದ್ದೆಲ್ಲ ಅಲ್ಲಿ ಒಂದೇ ಕಡೆ ಇದೆ. ಫೀನಿಕ್ಸ್ ಓಪನ್ ನಡೆಯುವ ಟಿಪಿಸಿ ಸ್ಕಾಟ್ಸ್‌ಡೇಲ್ ಕೋರ್ಸ್ ಟಿವಿಯಲ್ಲಿ ಕಂಡಷ್ಟು ಚೆನ್ನಾಗಿ ಮೇ ತಿಂಗಳಲ್ಲಿ ಕಾಣುವುದಿಲ್ಲ. ಪ್ರೇಕ್ಷಕರ ಕೂಗಾಟಕ್ಕೆ ಹೆಸರಾದ 16ನೇ ಹೋಲ್‌ನ ಸುತ್ತ ಗ್ಯಾಲರಿ ಕಟ್ಟುವುದು ಟೂರ್ನಿಗೆ ಮಾತ್ರ.

ನನಗೆ ಅತ್ಯಂತ ಇಷ್ಟವಾದದ್ದು ಮಾತ್ರ ಇವ್ಯಾವುವೂ ಅಲ್ಲ. ಕೊಲ್ಲಿಗೆ ಹೋದ ಹೊಸದರಲ್ಲಿ ರಜೆಯ ದಿನ ಒಂದು ಮರಳು ಕೋರ್ಸ್‌ನಲ್ಲಿ ಆಡುತ್ತಿದ್ದೆವು. ಒಂದು ಎಸಳು ಹುಲ್ಲಿಲ್ಲ. ಕಾಲೊರೆಸುವ ಚಾಪೆಯ ಅರ್ಧದಷ್ಟು ಪ್ಲಾಸ್ಟಿಕ್ ಹುಲ್ಲಿನ ತುಂಡನ್ನು ಪ್ರತಿಯೊಬ್ಬರೂ ಹೊತ್ತುಕೊಂಡು ತಿರುಗಬೇಕು. ಫೇರ್‌ವೇ ಎಂದು ಗುರುತು ಮಾಡಿದಲ್ಲಿ ಚೆಂಡು ಬಿದ್ದರೆ ಅದರ ಮೇಲಿಟ್ಟು ಹೊಡೆಯುವುದು. ಗ್ರೀನ್ ಬದಲಿಗೆ ಬ್ರೌನ್: ಮರಳಿಗೆ ಎಣ್ಣೆ ಬೆರೆಸಿ ಗಟ್ಟಿಯಾಗಿ ಒತ್ತಿದ ಕಂದು ವೃತ್ತ. ಆಡಿ ಮುಗಿಸಿದವರು ಹಗ್ಗ ಕಟ್ಟಿದ ಹಲಗೆಯನ್ನು ಎಳೆಯುತ್ತಾ ಸುತ್ತು ಹಾಕಿ ಹೆಜ್ಜೆಗುರುತು ಅಳಿಸಿ ಬರಬೇಕು. ಎಳೆದು ಮುಗಿಸಿ ಹಿಂತಿರುಗಿ ನೋಡಿದರೆ ಸೆಗಣಿ ಸಾರಿಸಿದ ಅಂಗಳದ ಹಾಗೆ ಒಂದೇ ಸಮ ಗೆರೆಗಳು. ಆಸ್ಟ್ರೇಲಿಯಾದ ಓಪಲ್ ಗಣಿಯೂರು ಕೂಬರ್ ಪೀಡಿಯಲ್ಲಿ ಈಗಲೂ ಹೀಗೆಯೇ ಆಡುತ್ತಾರೆ. ಸೆಕೆಗೆ ಹೆದರಿ ಜನ ನೆಲದಡಿ ಮನೆ ಮಾಡಿಕೊಂಡಿರುವ ಊರು ಅದು, ಹೊಳೆಯುವ ಚೆಂಡಿನಿಂದ ರಾತ್ರಿ ಆಡುವುದೂ ಉಂಟು. ಅಳಿಯನಿಗೆ ಹತ್ತಿರದಲ್ಲಿ ಮರಳು ಕೋರ್ಸ್ ಗೊತ್ತಿದ್ದರೆ ಒಂದು ಬೆಳಗನ್ನು ಅದಕ್ಕೆ ಎತ್ತಿಡಿ. ನಿಮ್ಮ ಮನೆಯವರ ನೀರಿನ ತಕರಾರಿಗೂ ಅಲ್ಲಿ ಜಾಗವಿಲ್ಲ.

ಕೊನೆಗೆ ಅವರ ವಿಷಯ. ಗಾಡಿಯಲ್ಲಿ ಎರಡು ಸೀಟು. ಆಡದವರು ಜೊತೆಗೆ ಕುಳಿತು ಬರಲು ಹಲವು ಕೋರ್ಸ್‌ಗಳು ಒಪ್ಪುತ್ತವೆ, ಕೆಲವು ಶುಲ್ಕ ಕೇಳುತ್ತವೆ, ಬುಕ್ ಮಾಡುವಾಗಲೇ ಕೇಳಿ ಖಚಿತಪಡಿಸಿಕೊಳ್ಳಿ. ಅವರನ್ನು ಸುಮ್ಮನೆ ಕೂರಿಸಬೇಡಿ. ನೀವು ಹೊಡೆದ ಮೇಲೆ ತಲೆ ತಗ್ಗಿಸಿ ಬೈದುಕೊಳ್ಳುತ್ತಿರುವಾಗ ಚೆಂಡು ಯಾವ ಪೊದೆಯ ಪಕ್ಕ ಹಸಿರು ದಾಟಿತು ಎಂದು ನೋಡಿಟ್ಟುಕೊಳ್ಳುವವರು ಒಬ್ಬರು ಬೇಕು. ಕ್ಯಾಡಿಯಿಲ್ಲದ ಊರಿನಲ್ಲಿ ಆ ಎರಡು ಕಣ್ಣಿಗೆ ಒಂದು ಸುತ್ತಿಗೆ ನಾಲ್ಕೈದು ಹೊಡೆತದ ಬೆಲೆಯಿದೆ. ಮಜ್ಲಿಸ್‌ನ ಎಂಟನೇ ಟೀಗೆ ಬಂದಾಗ ಎದುರಿಗೆ ದುಬೈನ ಗಗನಚುಂಬಿ ಕಟ್ಟಡಗಳ ಸಾಲು ನಿಲ್ಲುತ್ತದೆ, ಎಲ್ಲರೂ ಅಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ. ಹಿಂದಿನ ತಂಡ ಕಾಯುತ್ತಿದ್ದರೆ ಮೊದಲು ಚೆಂಡು ಹೊಡೆದುಬಿಡಿ, ಫೋಟೊ ಆಮೇಲೆ.